ಮೀಸೆ ಮೇಡಂ ಕೋಣೆಗೆ ಬಂದ ಬಡಗಿ

"ಹೊಡೀಬೇಡಿ!"

ಅವಳು ಕೂಗಿದ್ದು ತಡವಾಯಿತು. ಆ ಅಪರಿಚಿತನ ಅಂಗೈ ಆಗಲೇ ಡ್ರಾಯರಿನ ಅಂಚಿಗೆ ಬಿದ್ದಿತ್ತು. ಧಡ್ ಎಂದು ಒಂದೇ ಏಟು. ಎಷ್ಟೋ ಕಾಲದಿಂದ ಸಿಕ್ಕಿಕೊಂಡಿದ್ದ ಡ್ರಾಯರ್ ಸಲೀಸಾಗಿ ಹೊರಗೆ ಬಂತು. ಭಾರೀ ಕೆಲಸ ಮಾಡಿ ಮುಗಿಸಿದವನ ಹಾಗೆ ಅವನು ಮುಗುಳ್ನಗುತ್ತಾ ತಿರುಗಿದ.

ತಿರುಗಿದವನ ನಗು ಅಲ್ಲೇ ನಿಂತಿತು. ಬಾಗಿಲಲ್ಲಿ ನಿಂತವಳ ಕಣ್ಣು ಕೆಂಪಗಾಗಿದ್ದವು.

"ಯಾರು ನೀವು? ಯಾರನ್ನ ಕೇಳಿ ಒಳಗೆ ಬಂದ್ರಿ?"

"ಬಡಗಿ, ಮೇಡಂ. ಹೊಸ ಬೀರು ಮಾಡ್ಬೇಕು, ಅಳತೆ ತಗೊಳ್ಳಿ ಅಂದಿದ್ರು... ಇದು ಬಿಗಿಯಾಗಿತ್ತು, ಅದಕ್ಕೇ..."

ಅವಳು ಮುಂದೆ ಬಂದಳು. ಡ್ರಾಯರನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿಗೆ ತಂದಳು, ಮೇಲಿನ ಗಾಜು ತೆಗೆದಳು. ಒಳಗೆ ಸಾಲುಸಾಲಾಗಿ ದುಂಬಿಗಳು. ಒಂದೊಂದರ ಮೈಯಲ್ಲೂ ಒಂದೊಂದು ಸಣ್ಣ ಗುಂಡುಸೂಜಿ. ಮಿಕ್ಕ ಹುಳುಗಳಿಗೆ ಮೀಸೆ ಚೋಟುದ್ದ ಇದ್ದರೆ ಇವಕ್ಕೆ ಮೈಗಿಂತ ಉದ್ದ. ತಲೆಯಿಂದ ಹೊರಟು, ಬಿಲ್ಲಿನಂತೆ ಬಾಗಿ, ಬೆನ್ನು ದಾಟಿ ಹಿಂದೆ ಹೋಗುತ್ತವೆ. ಅದಕ್ಕೇ ಇವು ಉದ್ದಮೀಸೆ ದುಂಬಿಗಳು. ಒಣಗಿದ ಮೇಲೆ ಆ ಮೀಸೆಗಳಷ್ಟು ಬೇಗ ಮುರಿಯುವ ವಸ್ತು ಈ ಲೋಕದಲ್ಲಿ ಇನ್ನೊಂದಿಲ್ಲ.

ನಡುವಿನ ಸಾಲಿನಲ್ಲಿ ಒಂದು ದುಂಬಿಗೆ ಈಗ ಒಂದೇ ಮೀಸೆ ಇತ್ತು. ಇನ್ನೊಂದು ಡ್ರಾಯರಿನ ತಳದಲ್ಲಿ ಉದುರಿದ ಕೂದಲಿನಂತೆ ಬಿದ್ದಿತ್ತು.

ಬಡಗಿ ಅದನ್ನು ನೋಡಿದ. ತನ್ನ ಅಂಗೈ ನೋಡಿಕೊಂಡ. ಮತ್ತೆ ಅದನ್ನು ನೋಡಿದ.

"ಅಯ್ಯೋ..." ಎಂದ, ಮೆಲ್ಲಗೆ.

ಅವಳು ಕುರ್ಚಿ ಎಳೆದು ಕೂತಳು. ಅತಿ ಸಣ್ಣ ಕುಂಚವೊಂದನ್ನು ಒದ್ದೆ ಮಾಡಿ ಮುರಿದ ಮೀಸೆಯನ್ನು ಎತ್ತಿಕೊಂಡಳು. ಸೂಜಿಯ ತುದಿಯಲ್ಲಿ ಕಂಡೂ ಕಾಣದಷ್ಟು ಅಂಟು. ಮೀಸೆಯ ಬುಡ ತಲೆಯ ಗುಳಿಗೆ ಸೇರಬೇಕು. ಒಂದಿಷ್ಟು ಓರೆಯಾದರೂ ಮುಂದೆ ಯಾರೋ ಅದನ್ನು ನೋಡಿ ಇದರ ರೂಪವೇ ಹೀಗೆ ಎಂದು ಬರೆದುಬಿಟ್ಟಾರು. ಅವಳು ಉಸಿರು ಬಿಗಿಹಿಡಿದಳು.

ಅಂಟು ಹಿಡಿಯಿತು ಎನಿಸಿದಾಗ ಉಸಿರುಬಿಟ್ಟಳು. ಪಕ್ಕದಲ್ಲೂ ಯಾರೋ ಉಸ್ಸೆಂದರು. ತಲೆಯೆತ್ತಿ ನೋಡಿದರೆ ಬಡಗಿ! ಯಾರೂ ಹೇಳದಿದ್ದರೂ ಅಷ್ಟು ಹೊತ್ತೂ ಅವನೂ ಉಸಿರು ಹಿಡಿದೇ ನಿಂತಿದ್ದ.

ಅವಳ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಇಳಿದದ್ದನ್ನು ತೋರಿಸಿಕೊಳ್ಳಲಿಲ್ಲ, ಅಷ್ಟೇ.

"ಇನ್ಮೇಲೆ ಏನೇ ಮುಟ್ಟೋದಿದ್ರೂ ನನ್ನ ಕೇಳಿ ಮುಟ್ಟಿ" ಎಂದಳು.

ಅವನು ಆಜ್ಞಾಧಾರಕನ ಹಾಗೆ ತಲೆಯಾಡಿಸಿದ. ಆಮೇಲೆ ಬೀರುವಿನ ಕಾಲು ಮುಟ್ಟಲೂ ಕೇಳಿದ, ಕಿಟಕಿಯ ಚಿಲಕ ಮುಟ್ಟಲೂ ಕೇಳಿದ. ಅಳತೆ ಪಟ್ಟಿ ನೆಲಕ್ಕೆ ಬಿದ್ದಾಗ ಅದನ್ನು ಎತ್ತಿಕೊಳ್ಳಲೇ ಎಂದೂ ಕೇಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

ಆ ವಸ್ತುಸಂಗ್ರಹಾಲಯಕ್ಕೆ ಬರುವವರೆಲ್ಲ ಕೆಳಗಿನ ಅಂತಸ್ತಿನಲ್ಲಿ ತಿಮಿಂಗಿಲದ ಅಸ್ಥಿಪಂಜರ ನೋಡಿ, ಹುಲ್ಲು ತುಂಬಿದ ಹುಲಿಯ ಮುಂದೆ ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ಕೀಟಗಳ ಕೋಣೆಯೊಂದು ಇದೆ ಎಂದು ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಅಲ್ಲಿ ಉದ್ದಮೀಸೆ ದುಂಬಿಗಳ ಡ್ರಾಯರುಗಳನ್ನು ನೋಡಿಕೊಳ್ಳುವವಳು ನಮ್ಮ ನಾಯಕಿ. ಮುರಿದದ್ದನ್ನು ಅಂಟಿಸುವುದು, ಧೂಳು ತೆಗೆಯುವುದು, ಹೊಸದಾಗಿ ಬಂದವನ್ನು ಜಾತಿ ನೋಡಿ ಜಾಗಕ್ಕೆ ಸೇರಿಸುವುದು ಅವಳ ಕೆಲಸ. ಮುಖ್ಯಸ್ಥೆಗೆ ಅಲ್ಲಿ ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಇವಳಿಗೆ ಮೀಸೆ ಮೇಡಂ ಎಂದು ಹೆಸರು ಬಿದ್ದಿತ್ತು. ಮೊದಲು ಬೆನ್ನ ಹಿಂದೆ ಹೇಳುತ್ತಿದ್ದರು, ಬರಬರುತ್ತಾ ಎದುರಿಗೇ ಕರೆಯತೊಡಗಿದರು, ಅವಳೂ ಓಗೊಡತೊಡಗಿದಳು.

ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ. ಅವಳ ಮದುವೆಯೆಂದರೆ ಅಮ್ಮನಿಗೆ ಊಟಕ್ಕಿಂತ ಮುಖ್ಯವಾದ ವಿಷಯ. ಬಂದ ಸಂಬಂಧಗಳಲ್ಲಿ ಒಬ್ಬ ಹುಡುಗನ ತಾಯಿಯಂತೂ, ಸತ್ತ ಹುಳ ಮುಟ್ಟಿದ ಕೈ ತೊಳೆದೇ ಅಡುಗೆ ಮಾಡ್ತಾಳೆ ತಾನೇ ಎಂದು ಕೇಳಿದ್ದರು. ಅತ್ತಿಗೆ ಒಳಗಿನಿಂದಲೇ, ಒಮ್ಮೊಮ್ಮೆ ಮರೀತಾಳೆ ಎಂದು ಉತ್ತರ ಕೊಟ್ಟು ಆ ಸಂಬಂಧಕ್ಕೆ ಮಂಗಳ ಹಾಡಿದ್ದಳು.

ಬಡಗಿ ಹಿತ್ತಲಿನ ಶೆಡ್ಡಿನಲ್ಲಿ ಕೆಲಸ ಶುರುಮಾಡಿದ. ಹಳೆಯ ಬೀರುಗಳು ಬಿರುಕುಬಿಟ್ಟು ಓರೆಯಾಗಿದ್ದವು. ಅವುಗಳ ಬದಲು ಒಂದು ಗೋಡೆಯುದ್ದಕ್ಕೂ ಹೊಸ ಮರದ ಬೀರುಗಳು ಆಗಬೇಕಿತ್ತು. ಡ್ರಾಯರ್ ಎಳೆದರೆ ಒಳಗಿನ ದುಂಬಿಗೆ ಎಳೆದದ್ದೇ ಗೊತ್ತಾಗಬಾರದು, ಮುಚ್ಚಿದರೆ ಇರುವೆಯೂ ನುಸುಳಬಾರದು ಎಂದು ಅವಳು ಹೇಳಿದ್ದಳು. ಅವನು ಒಂದು ಡ್ರಾಯರ್ ಮಾಡಿ ತಂದು ತೋರಿಸಿದ. ಅವಳು ಬೇಡವೆಂದಳು. ಇನ್ನೊಂದು ತಂದ. ಅದೂ ಬೇಡ. ಮೂರನೆಯದನ್ನು ಅವಳು ಬೆರಳ ತುದಿಯಿಂದ ಎಳೆದು, ಮತ್ತೆ ಎಳೆದು, ಕಣ್ಣರಳಿಸಿದಾಗ ಅವನಿಗೆ ಬಹುಮಾನ ಬಂದಷ್ಟು ಖುಷಿಯಾಯಿತು.

ಅದು ಅವನು ಸ್ವಂತ ಹೆಸರಿನಲ್ಲಿ ಹಿಡಿದ ಮೊದಲ ದೊಡ್ಡ ಕೆಲಸ. ಅಲ್ಲಿಯವರೆಗೆ ಎಲ್ಲವೂ ಅಪ್ಪನ ಹೆಸರಿನಲ್ಲೇ ನಡೆದಿತ್ತು. ಅಪ್ಪನ ಕೈಗೆ ನಡುಕ ಬಂದು ಉಳಿ ಹಿಡಿಯಲಾಗದೆ ಹೋದ ಮೇಲೆ ಜನ ಬರುವುದು ಕಡಿಮೆಯಾಗಿತ್ತು. ಈ ಕೆಲಸ ಚೆನ್ನಾಗಿ ಆದರೆ ಮಗನಿಗೂ ಕೈ ಇದೆ ಎಂದು ನಾಲ್ಕು ಜನ ಹೇಳುತ್ತಾರೆ. ಇದನ್ನೆಲ್ಲ ಅವನು ಒಂದೇ ಸಲ ಹೇಳಲಿಲ್ಲ. ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುವಾಗ ಅಷ್ಟು, ಸಂಜೆ ಟೀ ಕುಡಿಯುವಾಗ ಇಷ್ಟು, ಹೀಗೆ ಹೇಳಿದ.

ಅವಳ ದುಂಬಿಗಳನ್ನು ಅವನು ನೆಂಟರ ಹಾಗೆ ವಿಚಾರಿಸುತ್ತಿದ್ದ. ಇವುಗಳ ಮರಿಹುಳುಗಳು ವರ್ಷಗಟ್ಟಲೆ ಮರದೊಳಗೇ ಕೊರೆಯುತ್ತಾ ಬೆಳೆಯುತ್ತವೆ, ದುಂಬಿಯಾದ ಮೇಲೆ ಮರ ಕಚ್ಚಿ ದಾರಿ ಮಾಡಿಕೊಂಡು ಹೊರಗೆ ಬರುತ್ತವೆ ಎಂದು ಅವಳು ವಿವರಿಸಿದಾಗ ಅವನು ಹಣೆ ಹಣೆ ಚಚ್ಚಿಕೊಂಡ.

"ಅಂದ್ರೆ ನಮ್ಮ ವಂಶದ ವೈರಿಗಳಿಗೆ ನಾನೇ ಮನೆ ಕಟ್ಟಿಕೊಡ್ತಿದ್ದೀನಿ" ಎಂದ.

ಅವಳು ಬಿದ್ದು ಬಿದ್ದು ನಕ್ಕಳು. ಅಷ್ಟು ನಕ್ಕು ಎಷ್ಟು ದಿನವಾಗಿತ್ತೋ!

ಇನ್ನೊಂದು ದಿನ ಗಂಡಿನ ಮೀಸೆ ಯಾಕೆ ಹೆಣ್ಣಿನದಕ್ಕಿಂತ ಉದ್ದ ಎಂದು ಕೇಳಿದ. ದೂರದಲ್ಲಿರುವ ಹೆಣ್ಣಿನ ವಾಸನೆ ಹಿಡಿದು ಹುಡುಕಿಕೊಂಡು ಹೋಗುವುದಕ್ಕೆ ಎಂದಳು. ಹೇಳಿದ ಮೇಲೆ ಯಾಕೋ ಇಬ್ಬರೂ ಟೀ ಲೋಟದೊಳಗೆ ನೋಡುತ್ತಾ ಕೂತರು.

ಮನೆಯಲ್ಲಿ ಅತ್ತಿಗೆಯ ಕಣ್ಣಿಗೆ ಮಣ್ಣೆರಚುವುದು ಸಾಧ್ಯವೇ? ಒಂದು ಸಂಜೆ ಅವಳ ಜಡೆಯಿಂದ ಮರದ ಸಿಪ್ಪೆಯೊಂದನ್ನು ಎತ್ತಿ ಹಿಡಿದು, ಈಚೆಗೆ ದುಂಬಿಗಳು ಮರ ಕೀಸುವುದನ್ನೂ ಕಲಿತಿವೆಯೇನೋ ಎಂದಳು. ಇವಳು ಮುಖ ತೊಳೆಯುವ ನೆಪದಲ್ಲಿ ಬಚ್ಚಲು ಸೇರಿದಳು. ನೀರು ಎಷ್ಟು ಎರಚಿಕೊಂಡರೂ ಕೆನ್ನೆಯ ಬಿಸಿ ಆರಲಿಲ್ಲ.

'ಇಷ್ಟ ಅಂದ್ರೆ ಇದೇನಾ? ಬೆಳಿಗ್ಗೆ ಎದ್ದ ಕೂಡಲೇ ಶೆಡ್ಡಿನ ಬಾಗಿಲು ತೆಗೆದಿರುತ್ತಾ ಅಂತ ನೆನಪಾಗೋದು?'

ಈಗ ಆ ಕೋಣೆಯ ಒಂದು ನಿಯಮ ಹೇಳಬೇಕು. ಹೊರಗಿನಿಂದ ಬರುವ ಮರವಾಗಲಿ, ಕಾಗದವಾಗಲಿ, ಬಟ್ಟೆಯಾಗಲಿ, ಬಾಗಿಲು ದಾಟುವ ಮುಂಚೆ ಹಿಂದಿನ ಶೀತಕೋಣೆಯಲ್ಲಿ ಕೆಲವು ವಾರ ಹೆಪ್ಪುಗಟ್ಟಬೇಕು. ಒಳಗೆ ಹುಳುವೋ ಮೊಟ್ಟೆಯೋ ಇದ್ದರೆ ಅಲ್ಲೇ ಸಾಯಬೇಕು. ಯಾಕೆಂದರೆ ಸತ್ತ ಕೀಟಗಳನ್ನೇ ತಿಂದು ಬದುಕುವ ಪುಟ್ಟ ಹುಳುಗಳಿವೆ. ಬಿರುಕೋ ತೂತೋ ಸಿಕ್ಕಿ ಅವು ಒಳಗೆ ಸೇರಿದರೆ ಡ್ರಾಯರಿನಲ್ಲಿ ಉಳಿಯುವುದು ಬರೀ ಪುಡಿ, ಸೂಜಿ. ಈ ನಿಯಮದಲ್ಲಿ ಮೀಸೆ ಮೇಡಂ ಎಷ್ಟು ಕಟ್ಟುನಿಟ್ಟೆಂದರೆ, ಒಮ್ಮೆ ದೊಡ್ಡ ಮೇಡಂ ಆಸೆಯಿಂದ ತಂದ ಮರದ ಗಡಿಯಾರವನ್ನೂ ಮೊದಲು ಶೀತಕೋಣೆಗೆ ಕಳಿಸಿದ್ದಳು. ಗಡಿಯಾರ ಹೊರಗೆ ಬಂದ ಮೇಲೆ ನಡೆಯಲೇ ಇಲ್ಲ.

ಬಡಗಿಯ ಬೀರುಗಳೂ ಒಂದೊಂದಾಗಿ ಶೀತಕೋಣೆಗೆ ಹೋಗಿ ಬಂದವು. ಕೊನೆಯದೊಂದು ಉಳಿಯಿತು. ಅಷ್ಟರಲ್ಲಿ ಕೆಲಸ ನೋಡಲು ವಸ್ತುಸಂಗ್ರಹಾಲಯದ ಸಮಿತಿಯವರು ಬರುವ ದಿನ ಗೊತ್ತಾಯಿತು. ಒಂದು ಜಾಗ ಖಾಲಿ ಇದ್ದರೆ ಏನೂ ತೊಂದರೆಯಿಲ್ಲ ಎಂದು ದೊಡ್ಡ ಮೇಡಂ ಹೇಳಿಯೂ ಇದ್ದರು.

ಆದರೆ ಅದೇ ದಿನ ಬೀರುಗಳನ್ನು ನೋಡಲು ಅವನ ಅಪ್ಪನೂ ಬರುವವರಿದ್ದರು. ಹಿಂದಿನ ಸಂಜೆ ಅವನು ಕೋಣೆಯ ಬಾಗಿಲಲ್ಲಿ ನಿಂತು ಆ ಖಾಲಿ ಜಾಗವನ್ನೇ ನೋಡುತ್ತಿದ್ದ.

"ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ" ಎಂದು ನಕ್ಕ. "ಇರಲಿ ಬಿಡಿ. ಅಪ್ಪ ಇನ್ನೊಂದು ಸಲ ಬಂದು ನೋಡ್ತಾರೆ."

ಇನ್ನೊಂದು ಸಲ ಅವರನ್ನು ಕರೆತರುವುದು ಅಷ್ಟು ಸುಲಭವಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳ ಎದೆಯಲ್ಲಿ ಏನೋ ಕರಗಿತು.

"ಈ ಬೀರುವಿನ ಮರ ಎಲ್ಲಿಯದು?" ಎಂದು ಕೇಳಿದಳು.

"ಎಲ್ಲಾ ಅಪ್ಪ ಕೂಡಿಟ್ಟ ಮರವೇ. ನಾನು ಹುಟ್ಟೋಕೆ ಮುಂಚೆ ಒಣಗಿದ್ದು." ಅವನು ನೆಲ ನೋಡುತ್ತಾ ಹೇಳಿದ.

"ಹಾಗಾದ್ರೆ ಒಳಗೆ ತನ್ನಿ."

ಅವನು ಚಕ್ಕನೆ ತಲೆಯೆತ್ತಿದ. "ಶೀತಕೋಣೆ?"

"ನಿಮ್ಮ ಮಾತೇ ಸಾಕು."

ಕೆಲವರು ಹೂವು ಕೊಡುತ್ತಾರೆ, ಕೆಲವರು ಕವಿತೆ ಬರೆಯುತ್ತಾರೆ. ಮೀಸೆ ಮೇಡಂ ತನ್ನ ನಿಯಮವನ್ನು ಮುರಿದುಕೊಟ್ಟಳು. ಅವಳ ಮಟ್ಟಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಇರಲಿಲ್ಲ.

ಮರುದಿನ ಅಪ್ಪ ಬಂದರು. ನಡುಗುವ ಕೈಯಿಂದ ಒಂದೊಂದು ಬೀರುವನ್ನೂ ಸವರಿದರು, ಒಂದು ಡ್ರಾಯರನ್ನು ಎಳೆದು ತಳ್ಳಿದರು, ಕಣ್ಣೊರೆಸಿಕೊಂಡರು. ಆಮೇಲೆ ಅವಳನ್ನು ತೋರಿಸಿ ಮಗನನ್ನು ಕೇಳಿದರು.

"ಇವರೇನಾ ಮೀಸೆಯವರು?" ಅವಳ ಕಡೆ ತಿರುಗಿದರು. "ಮನೇಲಿ ಬೇರೆ ಮಾತೇ ಇಲ್ಲ ಕಣಮ್ಮ ಇವನಿಗೆ."

ಮಗನ ಕಿವಿ ಕೆಂಪಾಯಿತು. ಅವಳಿಗಂತೂ ಆ ದಿನ ಸಮಿತಿಯವರು ಬಂದದ್ದು, ಹೋದದ್ದು ಒಂದೂ ನೆನಪಿನಲ್ಲಿ ಉಳಿಯಲಿಲ್ಲ.

ದುಂಬಿಗಳು ಹೊಸ ಡ್ರಾಯರುಗಳಿಗೆ ಬಂದವು. ಕೊನೆಯ ಬೀರುವನ್ನು ತುಂಬಿಸುವುದು ಮಾತ್ರ ಬಾಕಿಯಿತ್ತು. ಒಂದು ಮಧ್ಯಾಹ್ನ ಅವಳು ಅದರ ಮುಂದೆ ಕೂತು ಡ್ರಾಯರ್ ಒರೆಸುತ್ತಿದ್ದಾಗ ಎಲ್ಲೋ ಸದ್ದು ಕೇಳಿಸಿತು.

ಕರ... ಕರ... ಕರ...

ಇಲಿಯಿರಬೇಕೆಂದು ಸುತ್ತ ನೋಡಿದಳು. ಸದ್ದು ನಿಂತಿತು. ಮತ್ತೆ ಬಟ್ಟೆ ಎತ್ತಿಕೊಂಡಾಗ ಮತ್ತೆ ಶುರುವಾಯಿತು. ಅವಳು ಬೀರುವಿನ ಪಕ್ಕದ ಹಲಗೆಗೆ ಕಿವಿಯಿಟ್ಟಳು. ಸದ್ದು ಒಳಗಿನಿಂದ ಬರುತ್ತಿತ್ತು. ಬಗ್ಗಿ ನೋಡಿದರೆ ನೆಲದ ಮೇಲೆ ಚಿಟಿಕೆಯಷ್ಟು ಹಿಟ್ಟಿನಂಥ ಪುಡಿ.

ಅದು ಯಾರ ಹಲ್ಲಿನ ಸದ್ದು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮರದೊಳಗೆ ಮರಿಹುಳು ಇತ್ತು.

'ಮೊದಲು ಅವರಿಗೆ ಹೇಳಬೇಕು. ಸಂಜೆ ಟೀಗೆ ಬರ್ತಾರಲ್ಲ, ಆಗ ಹೇಳ್ತೀನಿ.'

ಸಂಜೆ ಅವನು ಬಂದ. ಎದುರಿಗೇ ಕೂತ. ಅಪ್ಪ ನೆರೆಮನೆಯವರಿಗೆಲ್ಲ ಬೀರುಗಳ ವಿಷಯ ಹೇಳಿಕೊಂಡು ತಿರುಗುತ್ತಿದ್ದಾರೆ ಎಂದು ಸಂಭ್ರಮದಿಂದ ಹೇಳಿದ. ಅವಳು ಬಾಯಿ ತೆರೆದಳು. ಅವನ ಮುಖ ನೋಡಿದಳು. ಟೀ ತಣ್ಣಗಾಯಿತೇ ಎಂದು ಕೇಳಿ ಸುಮ್ಮನಾದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳನ್ನು ಒಂದೇ ಭಯ ಕೊರೆಯಿತು. ಯಾರಿಗೂ ಹೇಳಬೇಡಿ ಎಂದು ಅವನು ಒಂದು ಮಾತು ಅಂದುಬಿಟ್ಟರೆ? ಖಂಡಿತ ಹೇಳದೆ ಉಳಿದುಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಆ ಮುಖದ ಎದುರು ತನ್ನ ಮೇಲೆ ತನಗೇ ನಂಬಿಕೆಯಿರಲಿಲ್ಲ.

ಅದಕ್ಕೇ ಮರುದಿನ ಅವನು ಬರುವ ಮುಂಚೆಯೇ ದೊಡ್ಡ ಮೇಡಂ ಕೋಣೆಗೆ ಹೋಗಿ ನಿಂತಳು. ಬೀರುವನ್ನು ಶೀತಕೋಣೆಗೆ ಕಳಿಸದೆ ಒಳಗೆ ಬಿಟ್ಟದ್ದು ತಾನು, ತಪ್ಪು ಪೂರ್ತಿ ತನ್ನದು ಎಂದಳು. ದೊಡ್ಡ ಮೇಡಂ ಗದರಲಿಲ್ಲ. ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ ಎಂದು ಮಾತ್ರ ಹೇಳಿ ಕೈ ಚಾಚಿದರು. ಅವಳು ಕೀಟಗಳ ಕೋಣೆಯ ಬೀಗದ ಕೈ ಕೊಟ್ಟು ಹೊರಗೆ ಬಂದಳು.

ಬಡಗಿ ಗೇಟಿನೊಳಗೆ ಕಾಲಿಡುವ ಹೊತ್ತಿಗೆ ಅವನ ಬೀರು ಹಿತ್ತಲಿನಲ್ಲಿ, ದಪ್ಪ ಪ್ಲಾಸ್ಟಿಕ್ ಹಾಳೆಯೊಳಗೆ ಸುತ್ತಿಸಿಕೊಂಡು ಬಿದ್ದಿತ್ತು. ಹುಳ ಇದೆಯಂತೆ, ಮೀಸೆ ಮೇಡಂ ಹೋಗಿ ಹೇಳಿದರಂತೆ ಎಂದು ಹೊತ್ತು ತಂದವರು ತಿಳಿಸಿದರು.

ಅವನು ಅವಳನ್ನು ಹುಡುಕಿಕೊಂಡು ಬಂದ. ಮೆಟ್ಟಿಲ ಬುಡದಲ್ಲಿ ಸಿಕ್ಕಳು.

"ನಿನ್ನೆಯೇ ಗೊತ್ತಿತ್ತಾ?"

"ಗೊತ್ತಿತ್ತು."

"ಸಂಜೆ ನನ್ನ ಎದುರಿಗೆ ಕೂತಿದ್ರಲ್ಲ, ಆಗ್ಲೂ ಗೊತ್ತಿತ್ತಾ?"

ಅವಳು ತಲೆಯಾಡಿಸಿದಳು.

"ಒಂದು ಮಾತು, ಮೇಡಂ... ನನಗೆ ಒಂದೇ ಒಂದು ಮಾತು ಹೇಳೋಕಾಗ್ಲಿಲ್ವಾ?"

ಹೇಳಲು ಎಷ್ಟೋ ಇತ್ತು. ಯಾವುದರಿಂದ ಶುರುಮಾಡುವುದು ಎಂದೇ ತಿಳಿಯಲಿಲ್ಲ. ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಸಲಕರಣೆಯ ಚೀಲವನ್ನೂ ತೆಗೆದುಕೊಳ್ಳದೆ ಹೊರಟುಹೋದ.

ಆಮೇಲಿನ ದಿನಗಳು ಹೇಗೆ ಕಳೆದವು ಎಂದು ಕೇಳಬೇಡಿ. ಬೀಗದ ಕೈ ಇಲ್ಲದ ಮೀಸೆ ಮೇಡಂಗೆ ಕೆಳಗಿನ ಅಂತಸ್ತಿನಲ್ಲಿ ತಿಮಿಂಗಿಲದ ಎಲುಬು ಒರೆಸುವ ಕೆಲಸ ಸಿಕ್ಕಿತು. ಏಣಿಯ ಮೇಲೆ ನಿಂತು ಒರೆಸುತ್ತಾ ಅವಳು ಶೆಡ್ಡಿನ ಕಡೆಯ ಕಿಟಕಿಯನ್ನೇ ನೋಡುತ್ತಿದ್ದಳು. ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

ಒಂದು ಸಂಜೆ ಅಡುಗೆಮನೆಯಲ್ಲಿ, ತರಕಾರಿ ಹೆಚ್ಚುತ್ತಿದ್ದ ಅತ್ತಿಗೆಯ ಮುಂದೆ ಎಲ್ಲವನ್ನೂ ಹೇಳಿ ಅತ್ತಳು. ಅತ್ತಿಗೆ ಅಂದು ತಮಾಷೆ ಮಾಡಲಿಲ್ಲ. ಚಾಕು ಕೆಳಗಿಟ್ಟು ಅವಳ ಕಣ್ಣೊರೆಸಿದಳು.

"ದೊಡ್ಡವರಿಗೆ ಹೇಳಿದ್ದು ತಪ್ಪಲ್ಲ ಕಣೇ. ಅವನಿಗೆ ಹೇಳದೆ ಹೇಳಿದ್ಯಲ್ಲ, ಅದು ತಪ್ಪು. ಹೋಗು, ಎದುರಿಗೆ ನಿಂತು ಹೇಳು. ಫೋನಲ್ಲಲ್ಲ. ನಿನಗೆ ಬಾರದೇ ಇರೋದು ಅದೊಂದೇ, ಅದನ್ನೇ ಮಾಡು."

"ಮುಖ ತಿರುಗಿಸಿಕೊಂಡ್ರೆ?"

"ತಿರುಗಿದ ಕಡೆ ಹೋಗಿ ನಿಂತ್ಕೋ."

ಮರುದಿನ ಅರ್ಧ ದಿನ ರಜೆ ಹಾಕಿ ಅವನ ಮನೆ ಹುಡುಕಿಕೊಂಡು ಹೋದಳು. ಮನೆಯ ಮುಂಭಾಗವೇ ಕೆಲಸದ ಜಾಗ. ಅಪ್ಪ ಒಬ್ಬರೇ ಮಂಚದ ಮೇಲೆ ಕೂತಿದ್ದರು. ಅವಳನ್ನು ನೋಡಿ ಗುರುತು ಹಿಡಿದು, ಮಗ ಆಗಲೇ ಗರಗಸ ತೆಗೆದುಕೊಂಡು ನಿಮ್ಮಲ್ಲಿಗೇ ಹೋದ ಎಂದರು. ನಾಲ್ಕಾರು ದಿನದಿಂದ ಸರಿಯಾಗಿ ಊಟವಿಲ್ಲ, ಏನು ಕೇಳಿದರೂ ತಲೆಯೆತ್ತಿ ಮಾತಾಡುವುದಿಲ್ಲ ಎಂದರು. ಆಮೇಲೆ ಸ್ವಲ್ಪ ತಡೆದು ಹೇಳಿದರು.

"ಅವನು ಸಿಟ್ಟಿನವನಲ್ಲಮ್ಮ. ಅವನ ಮೇಲೆ ಅವನಿಗೇ ಸಿಟ್ಟು ಬಂದ್ರೆ ಮಾತ್ರ ಹಿಂಗೆ."

ಅವಳು ಬಂದ ದಾರಿಯಲ್ಲೇ ಓಡುನಡಿಗೆಯಲ್ಲಿ ವಾಪಸಾದಳು. ಗೇಟಿನ ಕಾವಲುಗಾರ ಏನೋ ಹೇಳಲು ಬಂದ, ಅವಳು ನಿಲ್ಲಲಿಲ್ಲ.

ಹಿತ್ತಲಿನಲ್ಲಿ ಬೀರುವಿನ ಪ್ಲಾಸ್ಟಿಕ್ ಬಿಚ್ಚಿತ್ತು. ಗರಗಸ ಪಕ್ಕದಲ್ಲಿ ಬಿದ್ದಿತ್ತು. ಅವನು ಮಂಡಿಯೂರಿ, ಕಣ್ಣು ಮುಚ್ಚಿ, ಹಲಗೆಗೆ ಕಿವಿಯಿಟ್ಟು ಕೂತಿದ್ದ.

ಹೆಜ್ಜೆ ಸಪ್ಪಳಕ್ಕೆ ಕಣ್ಣು ತೆರೆದ. ಇಬ್ಬರೂ ಒಮ್ಮೆಗೇ ಮಾತಾಡಲು ಹೋಗಿ ಇಬ್ಬರೂ ನಿಂತರು.

"ನಾನು ಮೊದಲು ಹೇಳ್ತೀನಿ" ಎಂದಳು ಅವಳು. ಓಡಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. "ನಿಮಗೆ ಹೇಳದೆ ಹೋಗಿದ್ದು ತಪ್ಪು. ನಿಮ್ಮ ಮೇಲೆ ನಂಬಿಕೆ ಇಲ್ಲದೆ ಅಲ್ಲ. ನಿಮ್ಮ ಮುಖ ನೋಡಿದ್ರೆ ಹೇಳೋಕೇ ಆಗ್ತಿರ್ಲಿಲ್ಲ. ನೀವು ಬೇಡ ಅಂದಿದ್ರೆ ಸುಮ್ಮನಾಗಿಬಿಡ್ತಿದ್ದೆ. ನನಗೆ ನನ್ನ ಭಯ ಇತ್ತು... ಕ್ಷಮಿಸಿ."

ಅವನು ಹಲಗೆಯಿಂದ ಕಿವಿ ತೆಗೆದು ನೆಟ್ಟಗೆ ಕೂತ.

"ನಿಮ್ಮ ಬೀಗದ ಕೈ ತಗೊಂಡುಬಿಟ್ರಂತೆ. ಗೇಟಿನಲ್ಲಿ ಹೇಳಿದ್ರು. ತಪ್ಪೆಲ್ಲ ನಿಮ್ಮದೇ ಅಂತ ನೀವೇ ಅಂದ್ರಂತೆ."

"ನನ್ನದೇ ಅಲ್ವಾ? ಒಳಗೆ ಬಿಟ್ಟಿದ್ದು ನಾನು."

"ಸುಳ್ಳು ಹೇಳಿದ್ದು ನಾನು."

ಅವಳು ಬೆಚ್ಚಿ ನೋಡಿದಳು. ಅವನು ಪಕ್ಕದ ಹಲಗೆಯ ಮೇಲೆ ಕೈಯಿಟ್ಟ.

"ಈ ಒಂದು ಹಲಗೆ ಅಪ್ಪನ ಮರ ಅಲ್ಲ. ಕೊನೇಲಿ ಮರ ಸಾಲದೆ ಬಂತು. ಹಳೇ ಮನೆ ಕೆಡವಿದ ಕಡೆಯಿಂದ ತಂದೆ. ಅಪ್ಪನಿಗೆ ಹೇಳೋಕೆ ನಾಚಿಕೆ ಆಯ್ತು, ನಿಮಗೂ ಹೇಳ್ಲಿಲ್ಲ. ನೀವು ನನ್ನ ಮಾತೇ ಸಾಕು ಅಂದಾಗ..." ಅವನ ದನಿ ಒಡೆಯಿತು. "ಆಗ್ಲೇ ಹೇಳ್ಬೇಕಿತ್ತು. ಒಂದು ಮಾತು ಹೇಳೋಕಾಗ್ಲಿಲ್ವಾ ಅಂತ ನಿಮ್ಮನ್ನ ಕೇಳಿ ಹೋದೆ. ಅವತ್ತಿಂದ ಅದೇ ಮಾತು ನನ್ನನ್ನ ಕೇಳ್ತಾ ಇದೆ."

ಅವಳಿಗೆ ಕೋಪ ಬರಬೇಕಿತ್ತು. ಬಂದದ್ದು ಅಳು, ಅದರ ಬೆನ್ನಿಗೇ ನಗು. ಸಮಾಧಾನವೋ ಸಂಕಟವೋ ಅವಳಿಗೇ ತಿಳಿಯಲಿಲ್ಲ. ಅವನ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಗರಗಸ ಯಾಕೆ ತಂದ್ರಿ?"

"ಈ ಹಲಗೆ ಕೊಯ್ದು ತೆಗೆದು, ಬೇರೆ ಒಳ್ಳೇ ಮರ ಹಾಕೋಣ ಅಂತ. ದೊಡ್ಡ ಮೇಡಂಗೆ ಆಗ್ಲೇ ಎಲ್ಲಾ ಹೇಳಿ ಬಂದೆ. ಅಪ್ಪನಿಗೆ ಸಂಜೆ ಹೇಳ್ತೀನಿ. ಆದ್ರೆ ಒಳಗೆ ಅದು ಇನ್ನೂ ಕೆಲಸ ಮಾಡ್ತಾ ಇದೆ. ಗರಗಸ ಇಡೋಕೆ ಕೈ ಬರ್ತಿಲ್ಲ."

ಅವಳೂ ಕಿವಿಯಿಟ್ಟಳು. ಒಂದೇ ಹಲಗೆ, ಎರಡು ಕಡೆಯಿಂದ ಎರಡು ಕಿವಿ. ಕರ... ಕರ... ಈಗ ಸದ್ದು ತೀರ ಹತ್ತಿರದಲ್ಲಿತ್ತು.

ಅವನು ಬೆರಳು ತೋರಿಸಿದ. ಹಲಗೆಯ ನಡುವೆ ಕಡಲೆ ಬೇಳೆಯಷ್ಟು ತೂತು. ಅದರಿಂದ ಪುಡಿ ಉದುರಿತು. ತೂತು ದೊಡ್ಡದಾಯಿತು. ಮೊದಲು ಕಂದು ಬಣ್ಣದ ತಲೆ, ಆಮೇಲೆ ಒಂದು ಕಾಲು. ಇನ್ನೂ ಮರಿಹುಳುವೆಂದು ಇಬ್ಬರೂ ಅಂದುಕೊಂಡಿದ್ದು ಆಗಲೇ ದುಂಬಿಯಾಗಿತ್ತು. ಅದು ಒದ್ದಾಡಿ, ನಿಂತು, ದಣಿವಾರಿಸಿಕೊಂಡು, ಮತ್ತೆ ಒದ್ದಾಡಿ ಹೊರಗೆ ಬಂತು. ಬೆನ್ನಿಗಂಟಿದ್ದ ಮೀಸೆಗಳನ್ನು ನಿಧಾನವಾಗಿ ಬಿಚ್ಚಿ ಗಾಳಿಯಲ್ಲಿ ಆಡಿಸಿತು.

ದೀಪಕ್ಕೆ ಬಂದು ಬಿದ್ದ ದುಂಬಿಗಳನ್ನು, ಬಾಟಲಿಯಲ್ಲಿ ತಂದುಕೊಟ್ಟವನ್ನು ಅವಳು ನೋಡಿದ್ದುಂಟು. ಮರದಿಂದ ಹುಟ್ಟಿ ಬರುವುದನ್ನು ಎಂದೂ ನೋಡಿರಲಿಲ್ಲ. ಮುರಿದ ಮೀಸೆ ಅಂಟಿಸುತ್ತಲೇ ವರ್ಷಗಳು ಕಳೆದಿದ್ದವು. ಇಲ್ಲಿ ಎರಡೂ ಮೀಸೆ ತಾವಾಗಿಯೇ ಅಲುಗುತ್ತಿದ್ದವು.

ಅವಳು ಮೆಲ್ಲಗೆ ಅದನ್ನು ಬೆರಳ ನಡುವೆ ಹಿಡಿದಾಗ ಅದು ಕಿರ್ ಕಿರ್ ಎಂದು ಸದ್ದು ಮಾಡಿತು.

"ಬೈತಾ ಇದೆ" ಎಂದ ಅವನು.

"ಕತ್ತು ಉಜ್ಜಿ ಹಾಗೆ ಸದ್ದು ಮಾಡುತ್ತೆ."

"ಅದೇ, ಬೈತಾ ಇದೆ. ಇಷ್ಟು ವರ್ಷ ಸುಮ್ಮನೆ ಇದ್ದೆ, ನಿಮ್ಮಿಬ್ಬರಿಗೆ ಯಾಕ್ರೀ ನನ್ನ ಮೇಲೆ ಜಗಳ ಅಂತ."

ಅವಳು ನಕ್ಕಳು. ಅವನು ದುಂಬಿಗೆಂದು ತನ್ನ ಊಟದ ಡಬ್ಬಿ ಖಾಲಿ ಮಾಡಿ ಕೊಟ್ಟ. ವಂಶದ ವೈರಿಗೆ ಅದರೊಳಗೆ ಒಂದು ಮರದ ಚೂರೂ ಸಿಕ್ಕಿತು. ಮುಚ್ಚಳಕ್ಕೆ ಗಾಳಿಯಾಡಲು ಅವನೇ ಮೊಳೆಯಿಂದ ತೂತು ಹೊಡೆದ, ಏಟು ಹಾಕುವ ಮುಂಚೆ ಡಬ್ಬಿಯನ್ನು ಅವಳು ದೂರ ಒಯ್ದಿದ್ದಾಳೆ ಎಂದು ನೋಡಿಕೊಂಡೇ ಹೊಡೆದ.

ಬೀಗದ ಕೈ ಇನ್ನೂ ಅವಳಿಗೆ ವಾಪಸು ಬಂದಿರಲಿಲ್ಲ. ಹಲಗೆ ಬದಲಾಗಬೇಕಿತ್ತು, ಬೀರು ಶೀತಕೋಣೆಗೆ ಹೋಗಿ ಬರಬೇಕಿತ್ತು, ದೊಡ್ಡ ಮೇಡಂ ಕೋಪ ಇಳಿಯಬೇಕಿತ್ತು. ಅದೆಲ್ಲ ಆಗುತ್ತದೆ ಎಂದು ಅವಳಿಗೆ ಯಾಕೋ ಧೈರ್ಯ ಬಂದಿತ್ತು.

"ಒಂದು ಮಾತು ಕೇಳ್ಲಾ?" ಎಂದ ಅವನು. "ಇನ್ಮೇಲೆ ಕೆಟ್ಟದಿರಲಿ ಒಳ್ಳೇದಿರಲಿ, ಮೊದಲು ನನಗೇ ಹೇಳ್ತೀರಾ? ನಾನೂ ಹೇಳ್ತೀನಿ."

"ಹೇಳ್ತೀನಿ."

"ಹಾಗಾದ್ರೆ ಈಗ ಏನಾದ್ರೂ ಇದ್ರೆ ಹೇಳಿ."

ಅವಳು ತಲೆ ತಗ್ಗಿಸಲಿಲ್ಲ. ಯಾವ ಮುಖದ ಎದುರು ಮಾತು ಬರುವುದಿಲ್ಲ ಎಂದು ಹೆದರಿ ಓಡಿದ್ದಳೋ ಆ ಮುಖವನ್ನೇ ನೋಡಿದಳು. ಗಲ್ಲದ ಮೇಲೆ ಮರದ ಪುಡಿ, ಕಣ್ಣಿನಲ್ಲಿ ಅವಳಿಗಿಂತಲೂ ಹೆಚ್ಚು ಭಯ.

"ನಿಮ್ಮನ್ನ ಬಿಟ್ಟಿರೋಕೆ ನನ್ನಿಂದ ಆಗಲ್ಲ."

ಅವನ ಕಣ್ಣು ತುಂಬಿ ಬಂತು. ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತೀರ ಗಂಭೀರವಾಗಿ ಕೇಳಿದ.

"ದೊಡ್ಡ ಮೇಡಂಗೆ ಮೊದಲು ಹೇಳಿಲ್ಲ ತಾನೇ?"

"ಇಲ್ಲ" ಎಂದಳು. "ನಿಮಗೇ ಮೊದಲು."